ರಿಲೀಫ್ ಶಿಫ್ಟಿನವರ ಬಗ್ಗೆ ವೇತನ ಒಪ್ಪಂದದಲ್ಲಿ ಏನೇನು ಬರೆಸಬೇಕು?

ಮೂರನೇ ಪಾಳಿ
ಎಲ್ಲರಿಗೂ ನಮಸ್ಕಾರ. ಮೂರು ಶಿಫ್ಟ್ ಓಡುವ ಪ್ರೋಸೆಸ್ ಕಾರ್ಖಾನೆಯೊಂದರಲ್ಲಿ ಒಪ್ಪಂದದ ಅವಧಿ ಮುಗೀತಾ ಇದೆ, ಸಂಘದಿಂದ ಬೇಡಿಕೆ ಪಟ್ಟಿ ತಯಾರಾಗ್ತಿದೆ. ಬೇಸಿಕ್, ಡಿಎ (ತುಟ್ಟಿಭತ್ಯೆ), ಕ್ಯಾಂಟೀನ್ ರೇಟಿಗೆ ಪುಟಗಟ್ಟಲೆ ಬರೀತಾರೆ. ರಜೆಯವರ, ಬರದವರ ಜಾಗ ತುಂಬೋ ರಿಲೀಫ್‌ನವರ ವಿಷಯ ಬಂದಾಗ ಮಾತ್ರ "ಈಗಿನ ಪದ್ಧತಿಯೇ ಮುಂದುವರಿಯುತ್ತದೆ" ಅಂತ ಒಂದೇ ಸಾಲು. ಈ ಸಲ ಅದನ್ನು ಬಿಡಿಸಿ ಬರೆಸಬೇಕು. ನನಗೆ ಬೇಕಾಗಿರೋದು: ರಿಲೀವರ್ (ಮುಂದಿನ ಶಿಫ್ಟಿಗೆ ಜಾಗ ತಗೊಳ್ಳಬೇಕಾದವನು) ಬರದೇ ಇದ್ದಾಗ ಮುಂದುವರಿದು ನಿಂತವನ ಓಟಿ (ಓವರ್‌ಟೈಮ್) ಲೆಕ್ಕ ಹೇಗೆ, ರಿಲೀಫ್ ಗ್ಯಾಂಗಿನ ರೋಸ್ಟರ್ ಹೇಗಿರಬೇಕು, ಮೇಲಿನ ಗ್ರೇಡಿನ ಜಾಗದಲ್ಲಿ ಕೂತ ದಿನ ಯಾವ ಸಂಬಳ, ಮತ್ತೆ ಬದಲಿಯವರ 240 ದಿನದ ಕಥೆ. ಗೊತ್ತಿರೋರು ಲೆಕ್ಕ ಸಮೇತ ಹೇಳಿ.

ಕಾರ್ಮಿಕ ವಕೀಲ
ಮೊದಲು ಇಬ್ಬರನ್ನು ಬೇರೆ ಮಾಡಿ. ವಾರದ ರಜೆ, ಸಿಎಲ್ (ಆಕಸ್ಮಿಕ ರಜೆ), ಇಎಲ್ (ಗಳಿಕೆ ರಜೆ) ಖಾಲಿ ತುಂಬೋಕೆ ಅಂತಲೇ ಇಟ್ಟಿರೋ ಕಾಯಂ ಕಾರ್ಮಿಕ ಒಬ್ಬ. ಅವನ ಹೆಸರು ಮಸ್ಟರ್ ರೋಲಿನಲ್ಲಿದೆ (ಹಾಜರಿ ಪಟ್ಟಿ), ಕೆಲಸ ಮಾತ್ರ ದಿನಕ್ಕೊಂದು ಕಡೆ. ಇನ್ನೊಬ್ಬ ಬದಲಿ. ಮಸ್ಟರಿನಲ್ಲಿರೋ ಇನ್ನೊಬ್ಬನ ಜಾಗಕ್ಕೆ ಆ ದಿನದ ಮಟ್ಟಿಗೆ ಬರೋನು. ಹಳೇ ಕೈಗಾರಿಕಾ ವಿವಾದಗಳ ಕಾಯ್ದೆ 1947ರ 25ಸಿ ವಿವರಣೆಯಲ್ಲಿ ಇದೇ ಅರ್ಥ ಇದೆ. ಜೊತೆಗೆ, ಒಂದು ವರ್ಷದ ನಿರಂತರ ಸೇವೆ ಮುಗಿಸಿದ ಮೇಲೆ ಲೇ-ಆಫ್ (ಕೆಲಸ ಕೊಡಲಾಗದೆ ತಾತ್ಕಾಲಿಕವಾಗಿ ಕೂರಿಸೋದು) ಪರಿಹಾರದ ಮಟ್ಟಿಗೆ ಅವನನ್ನು ಬದಲಿ ಅಂತ ನೋಡೋ ಹಾಗಿಲ್ಲ ಅಂತಲೂ ಇದೆ. ಆಗ ಬೇಸಿಕ್ ಮತ್ತು ಡಿಎಯ ಶೇ. 50 ಸಿಗಬೇಕು.

ಒಪ್ಪಂದದಲ್ಲಿ ಎರಡಕ್ಕೂ ಸೇರಿಸಿ "ರಿಲೀಫ್ ಕಾರ್ಮಿಕರು" ಅಂತ ಬರೆದರೆ ಮುಂದೆ ಕಾಯಂ ರಿಲೀವರ್‌ನೂ ಬದಲಿ ಅಂತಲೇ ವಾದ ಮಾಡ್ತಾರೆ. ಎರಡು ಪ್ರತ್ಯೇಕ ಕ್ಲಾಸ್ (ಒಪ್ಪಂದದ ಕಲಮು) ಮಾಡಿಸಿ.

ಟೈಮ್ ಆಫೀಸ್
ಓಟಿ ಲೆಕ್ಕ. ಬೇಸಿಕ್ + ಡಿಎ + ಇತರ ಭತ್ಯೆ ಸೇರಿ ತಿಂಗಳಿಗೆ 20,800 ಇದೆ ಅಂತಿಟ್ಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 800, ಗಂಟೆಗೆ 100. ಡಬಲ್ ಅಂದ್ರೆ ಗಂಟೆಗೆ 200. ನಾಲ್ಕು ಗಂಟೆ ನಿಂತರೆ 800 ರೂಪಾಯಿ.

ಅದೇ ಸಂಬಳವನ್ನು 30ರಿಂದ ಭಾಗಿಸೋ ಕಾರ್ಖಾನೆಗಳಿವೆ. ಗಂಟೆಗೆ 86.67, ಡಬಲ್ 173.33, ನಾಲ್ಕು ಗಂಟೆಗೆ 693. ಒಂದು ಸಲಕ್ಕೆ 107 ರೂಪಾಯಿ ಕಡಿಮೆ. ಹಳೇ ಫ್ಯಾಕ್ಟರೀಸ್ ಕಾಯ್ದೆಯ 59ನೇ ಸೆಕ್ಷನ್ನಿನಲ್ಲಿ "ಎರಡು ಪಟ್ಟು" ಅಂತಿದೆ, 26 ಅಂತ ಬರೆದಿಲ್ಲ. ಗ್ರಾಚ್ಯುಟಿ ಕಾಯ್ದೆಯಲ್ಲಿ 26 ಇದೆ. ಹಾಗಾಗಿ ಭಾಗಾಕಾರದ ಸಂಖ್ಯೆಯನ್ನು ಒಪ್ಪಂದದಲ್ಲೇ ಬರೆಸಿ.

ಎಚ್‌ಆರ್ ಕಡೆಯವರು
@ಟೈಮ್ ಆಫೀಸ್ ಲೆಕ್ಕ ಸರಿ, ಆದರೆ ಯಾವಾಗ ಡಬಲ್ ಶುರುವಾಗುತ್ತೆ ಅನ್ನೋದನ್ನು ಬಿಟ್ಟಿದ್ದೀರಿ. ಹಳೇ ಕಾಯ್ದೆಯ 59ರ ಪ್ರಕಾರ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ಮೇಲೆ ಇತ್ತು. ರಿಲೀವರ್ ಒಂದು ಗಂಟೆ ತಡವಾಗಿ ಬಂದ, ಇವನು 9 ಗಂಟೆ ಕೆಲಸ ಮಾಡಿದ. ಆ ವಾರ ಇವನು ಒಂದು ದಿನ ರಜೆ ಹಾಕಿದ್ರೆ ವಾರಕ್ಕೆ 41 ಗಂಟೆ ಆಯ್ತು. ಎರಡೂ ಮಿತಿ ಮೀರಿಲ್ಲ, ಆ ಕಾನೂನಿನ ಪ್ರಕಾರ ಆ ಗಂಟೆಗೆ ಸಿಂಗಲ್ ಕೊಟ್ಟರೆ ಸಾಕಿತ್ತು. ಇದನ್ನು ಮೋಸ ಅನ್ನೋದು ಸರಿಯಲ್ಲ.

ಟೈಮ್ ಆಫೀಸ್
ಒಪ್ತೀನಿ. ಅದಕ್ಕೇ ಒಪ್ಪಂದದಲ್ಲಿ "ನಿಗದಿತ ಶಿಫ್ಟಿನ 8 ಗಂಟೆ ಮೀರಿದ ಪ್ರತಿ ಅರ್ಧ ಗಂಟೆಗೂ ಎರಡು ಪಟ್ಟು, ಆ ವಾರದ ಹಾಜರಿ ಎಷ್ಟೇ ಇರಲಿ" ಅಂತ ಬರೆಸಬೇಕು. ಕಾನೂನಿಗಿಂತ ಹೆಚ್ಚು ಕೊಡೋಕೆ ಯಾವ ಅಡ್ಡಿಯೂ ಇಲ್ಲ.

ಬಳ್ಳಾರಿ ಬಿಸಿಲು
ಅರ್ಧ ಗಂಟಿ ಯಾಕ್ರೀ, ಹದಿನೈದು ನಿಮಿಷ ಅಂತ ಬರಸ್ರಿ. ಚಾರ್ಜ್ ಕೊಡೋದು ತಗೊಳ್ಳೋದು ದಿನಾ ಹದಿನೈದು ನಿಮಿಷ ಆಗ್ತದ. 26 ದಿನಕ್ಕ ಆರೂವರಿ ತಾಸು. ಮ್ಯಾಲಿನ ರೇಟ್ ಹಿಡದ್ರ ತಿಂಗಳಿಗೆ 1,300 ರೂಪಾಯಿ. ಇದನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ.

ಎಚ್‌ಆರ್ ಕಡೆಯವರು
8 ಗಂಟೆ ಶಿಫ್ಟಿನಲ್ಲಿ ಅರ್ಧ ಗಂಟೆ ಊಟದ ಬಿಡುವು ಸೇರಿದೆ. ನಿಜವಾದ ಕೆಲಸ ಏಳೂವರೆ ಗಂಟೆ. ಹದಿನೈದು ನಿಮಿಷ ಸೇರಿಸಿದರೂ ಏಳೂಮುಕ್ಕಾಲು. ಓಟಿ ಹೇಗಾಗುತ್ತೆ?

ಬಾಯ್ಲರ್ ಹೌಸ್
ಬಿಡುವು ಅಂದ್ರೆ ಜಾಗ ಬಿಟ್ಟು ಹೋಗೋಕೆ ಆಗಬೇಕಲ್ವಾ ಸರ್? ಬಾಯ್ಲರ್ ಓಡ್ತಾ ಇರುವಾಗ ಸರ್ಟಿಫಿಕೇಟ್ ಇರೋ ಅಟೆಂಡೆಂಟ್ ಅಲ್ಲೇ ಇರಬೇಕು. ವಾಟರ್ ಲೆವೆಲ್ ನೋಡ್ಕೊಂಡೇ ಡಬ್ಬಿ ಬಿಚ್ಚೋದು. ಆ ಅರ್ಧ ಗಂಟೆ ಕೆಲಸವೇ. ಇದಕ್ಕೂ ರಿಲೀಫ್ ಬೇಕು. ಜನರಲ್ ಶಿಫ್ಟಿನ ಒಬ್ಬ ಸರ್ಟಿಫೈಡ್ ವ್ಯಕ್ತಿ ಬಂದು ಅರ್ಧ ಗಂಟೆ ಕೂರಬೇಕು, ಲಾಗ್ ಶೀಟಿನಲ್ಲಿ ಅವನ ಸಹಿ ಇರಬೇಕು. ಅದಿಲ್ಲದಿದ್ರೆ ಊಟದ ಸಮಯವನ್ನು ಕೆಲಸದ ಸಮಯ ಅಂತ ಒಪ್ಪಂದದಲ್ಲಿ ಬರೆದುಬಿಡಿ. ಪ್ಯಾಕಿಂಗ್ ವಿಭಾಗಕ್ಕೂ ಬಾಯ್ಲರಿಗೂ ಒಂದೇ ಕ್ಲಾಸ್ ಹಾಕಿದ್ರೆ ಕೆಲಸಕ್ಕೆ ಬರಲ್ಲ.

ಲಾಗ್‌ಬುಕ್
ರೋಸ್ಟರಿಗೆ ಬರೋಣ, ಯಾಕಂದ್ರೆ ಅರ್ಧ ಜಗಳ ಹುಟ್ಟೋದೇ ಅಲ್ಲಿ.

ಒಂದು ಜಾಗಕ್ಕೆ ವಾರಕ್ಕೆ 21 ಶಿಫ್ಟ್. ಒಬ್ಬ 6 ಮಾಡ್ತಾನೆ. ಅಂದ್ರೆ ಒಂದು ಜಾಗಕ್ಕೆ ಮೂರೂವರೆ ಜನ. ಎರಡು ಜಾಗಕ್ಕೆ ಏಳು ಜನ: ಆರು ಜನ ಮಾಮೂಲಿ, ಏಳನೆಯವನು ರಿಲೀವರ್, ಆ ಆರು ಜನರ ವಾರದ ರಜೆ ತುಂಬೋನು. ಬಹಳ ಕಡೆ ಮ್ಯಾನೇಜ್‌ಮೆಂಟ್ ಇಷ್ಟಕ್ಕೇ ನಿಲ್ಲಿಸುತ್ತೆ.

ಆದರೆ ವರ್ಷದ ಲೆಕ್ಕ ಹಾಕಿ. ಒಂದು ಜಾಗಕ್ಕೆ 365 × 3 = 1,095 ಶಿಫ್ಟ್. ಒಬ್ಬ ವರ್ಷಕ್ಕೆ ಎಷ್ಟು ದಿನ ಸಿಗ್ತಾನೆ? 365ರಲ್ಲಿ 52 ವಾರದ ರಜೆ, 10 ರಾಷ್ಟ್ರೀಯ ಮತ್ತು ಹಬ್ಬದ ರಜೆ, ಒಪ್ಪಂದದಲ್ಲಿ 18 ಇಎಲ್, 7 ಸಿಎಲ್ ಇದ್ರೆ ಉಳಿಯೋದು 278. ಕಾಯಿಲೆ ಲೆಕ್ಕಕ್ಕೇ ಹಿಡಿದಿಲ್ಲ. 1,095ನ್ನು 278ರಿಂದ ಭಾಗಿಸಿದರೆ 3.94. ಹತ್ತಿರ ಹತ್ತಿರ ನಾಲ್ಕು ಜನ ಬೇಕು. ಮೂರೂವರೆ ಇಟ್ಟರೆ ಒಂದೊಂದು ಜಾಗಕ್ಕೂ ವರ್ಷಕ್ಕೆ 122 ಶಿಫ್ಟ್ ಖಾಲಿ. ಆ 122 ಶಿಫ್ಟನ್ನು ಡಬಲ್ ಡ್ಯೂಟಿಯಲ್ಲೋ ಬದಲಿಯಲ್ಲೋ ತುಂಬ್ತಾರೆ. "ರಿಲೀವರ್ ಬರಲಿಲ್ಲ" ಅಂತ ಶಿಫ್ಟ್ ಇನ್‌ಚಾರ್ಜ್ ಹೇಳೋ ಎಷ್ಟೋ ದಿನ ಬರೋಕೆ ರಿಲೀವರೇ ಇರಲ್ಲ.

ಮೂರನೇ ಪಾಳಿ
ಈ ಲೆಕ್ಕವನ್ನು ಹಾಗೇ ಬೇಡಿಕೆ ಪಟ್ಟಿಗೆ ಅಂಟಿಸ್ತೀನಿ. ಅದಕ್ಕೆ ಅವರ ಉತ್ತರ "ಓಟಿ ಕೊಡ್ತೀವಲ್ಲ, ಜನ ಯಾಕೆ?"

ಲಾಗ್‌ಬುಕ್
ಅದಕ್ಕೂ ಲೆಕ್ಕವೇ ಉತ್ತರ. 122 ಶಿಫ್ಟ್ ಅಂದ್ರೆ 976 ಗಂಟೆ. ಗಂಟೆಗೆ 200ರಂತೆ 1,95,200 ರೂಪಾಯಿ. ಅದೇ ಕೊರತೆ ಬಿದ್ದ 0.44 ಕಾರ್ಮಿಕನ (3.94ರಲ್ಲಿ 3.5 ಕಳೆದರೆ) ವರ್ಷದ ಸಂಬಳ 1,09,824. ಪಿಎಫ್ ಮಾಲೀಕರ ಪಾಲು ಶುಲ್ಕ ಸೇರಿ ಶೇ. 13, ಇಎಸ್‌ಐ 3.25, ಬೋನಸ್ 8.33, ಗ್ರಾಚ್ಯುಟಿ 4.81, ಎಲ್ಲ ಪೂರ್ತಿ ಸಂಬಳದ ಮೇಲೆ ಹಿಡಿದರೂ ಸುಮಾರು 1.42 ಲಕ್ಷ. ಜನ ಇಡೋದೇ ಅಗ್ಗ.

ಇನ್ನೊಂದು. ಆ 976 ಗಂಟೆಯನ್ನು ಮೂರೂವರೆ ಜನಕ್ಕೆ ಹಂಚಿದರೆ ತಲೆಗೆ 279 ಗಂಟೆ. ಮೂಲ ಫ್ಯಾಕ್ಟರೀಸ್ ಕಾಯ್ದೆಯ 64(4)ರಲ್ಲಿ ಮೂರು ತಿಂಗಳಿಗೆ 50 ಗಂಟೆ ಮಿತಿ, ವರ್ಷಕ್ಕೆ 200. ಅಲ್ಲಿಗೆ ಆ ರೋಸ್ಟರ್ ಕಾಗದದ ಮೇಲೇ ಮಿತಿ ಮೀರಿ ಕೂತಿದೆ.

ಎಚ್‌ಆರ್ ಕಡೆಯವರು
0.44 ಮನುಷ್ಯನನ್ನು ನೇಮಿಸೋಕಾಗಲ್ಲ. ಜಾಗ ಎರಡೇ ಇದ್ದು ಇಡೀ ಒಬ್ಬನನ್ನು ತಗೊಂಡ್ರೆ ನಿಮ್ಮ ಲೆಕ್ಕ ತಲೆಕೆಳಗಾಗುತ್ತೆ. ಒಂದೇ ಕೌಶಲದ ಏಳೆಂಟು ಜಾಗ ಒಟ್ಟಿಗಿದ್ರೆ ಮಾತ್ರ ಪೂಲ್ ಮಾಡಬಹುದು.

ಲಾಗ್‌ಬುಕ್
ನ್ಯಾಯವಾದ ಮಾತು. ಪೂಲ್ ಅಂತಲೇ ಕೇಳಬೇಕು. ಕಂಪ್ರೆಸರ್, ನೀರಿನ ಲವಣ ತೆಗೆಯೋ ಡಿಎಂ ಪ್ಲಾಂಟ್, ಕೂಲಿಂಗ್ ಟವರ್, ತ್ಯಾಜ್ಯನೀರಿನ ಎಫ್ಲುಯೆಂಟ್ ಪ್ಲಾಂಟ್ ಈ ಯುಟಿಲಿಟಿ ಜಾಗಗಳಿಗೆಲ್ಲ ಒಂದೇ ರಿಲೀಫ್ ಪೂಲ್. ತರಬೇತಿ ಕೊಟ್ಟು, ಯಾರು ಯಾವ ಜಾಗಕ್ಕೆ ಅರ್ಹ ಅಂತ ಪಟ್ಟಿ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. ಗೊತ್ತಿಲ್ಲದ ಪ್ಯಾನೆಲ್ ಮುಂದೆ ರಾತ್ರಿ ಹತ್ತಕ್ಕೆ ರಿಲೀವರನ್ನು ಕೂರಿಸೋದು ಅಪಾಯ. ಟ್ರಿಪ್ ಆದಾಗ ಮೊದಲು ಯಾವ ವಾಲ್ವ್ ಮುಚ್ಚಬೇಕು ಅಂತ ಅವನಿಗೆ ಗೊತ್ತಿರಲ್ಲ.

ನೈಟ್ ಆಫ್
ರಿಲೀವರನ ವಾರ ಹೇಗಿರಬೇಕು ಅಂತ ಯಾರೂ ಹೇಳ್ತಿಲ್ಲ. ಮಾಮೂಲಿ ಚಾರ್ಟ್: ಸೋಮ-ಮಂಗಳ ಫಸ್ಟ್, ಬುಧ-ಗುರು ಸೆಕೆಂಡ್, ಶುಕ್ರ-ಶನಿ ನೈಟ್, ಭಾನುವಾರ ರಜೆ. ನೋಡೋಕೆ ಚೆನ್ನಾಗಿದೆ. ಆದರೆ ಶನಿವಾರದ ನೈಟ್ ಮುಗಿಯೋದು ಭಾನುವಾರ ಬೆಳಿಗ್ಗೆ ಆರಕ್ಕೆ, ಸೋಮವಾರ ಬೆಳಿಗ್ಗೆ ಆರಕ್ಕೆ ಫಸ್ಟ್ ಶಿಫ್ಟ್. ಸರಿಯಾಗಿ 24 ಗಂಟೆ. ಫ್ಯಾಕ್ಟರೀಸ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ರಾತ್ರಿ ಪಾಳಿಯವನ ರಜೆ ಅಂದ್ರೆ ಶಿಫ್ಟ್ ಮುಗಿದ ಹೊತ್ತಿನಿಂದ 24 ಗಂಟೆ, ಹಾಗಾಗಿ ಕಾನೂನಿಗೆ ಸರಿ. ಆ ಮನುಷ್ಯ ಹಗಲೆಲ್ಲ ಮಲಗಿ ಸಂಜೆ ಏಳ್ತಾನೆ, ಮತ್ತೆ ಬೆಳಗಿನ ಜಾವ ನಾಲ್ಕೂವರೆಗೆ ಬಸ್ ಹಿಡೀಬೇಕು. ಇದನ್ನು ವಾರದ ರಜೆ ಅಂತ ಕರೆಯೋಕೆ ಮನಸ್ಸು ಬರಲ್ಲ.

ಇನ್ನೊಂದು ಚಾರ್ಟ್: ಸೋಮ-ಮಂಗಳ ಸೆಕೆಂಡ್, ಬುಧ-ಗುರು ಫಸ್ಟ್, ಶುಕ್ರ-ಶನಿ ನೈಟ್. ಆಗ ಭಾನುವಾರ ಬೆಳಿಗ್ಗೆ ಆರರಿಂದ ಸೋಮವಾರ ಮಧ್ಯಾಹ್ನ ಎರಡರವರೆಗೆ 32 ಗಂಟೆ ಬಿಡುವು. ಗುರುವಾರ ಎರಡಕ್ಕೆ ಬಿಟ್ಟವನು ಶುಕ್ರವಾರ ರಾತ್ರಿ ಹತ್ತಕ್ಕೆ ಬರ್ತಾನೆ, ಅಲ್ಲೂ 32.

ಬಾಯ್ಲರ್ ಹೌಸ್
ಮಂಗಳವಾರ ರಾತ್ರಿ ಹತ್ತಕ್ಕೆ ಬಿಟ್ಟು ಬುಧವಾರ ಬೆಳಿಗ್ಗೆ ಆರಕ್ಕೆ ಬರಬೇಕಲ್ಲ! ಎಂಟೇ ಗಂಟೆ. ಬಸ್ಸಿನಲ್ಲಿ ಎರಡು ಗಂಟೆ ಕಳೆದರೆ ನಿದ್ದೆ ಐದು ಗಂಟೆಯೂ ಇಲ್ಲ. ಆ ಬುಧವಾರ ಬೆಳಿಗ್ಗೆ ಆಪರೇಟರ್ ತೂಕಡಿಸ್ತಾನೆ. ನಾನು ಮೊದಲನೇ ಚಾರ್ಟಿಗೇ ಓಟು ಹಾಕ್ತೀನಿ, ಆದರೆ ಸೋಮವಾರ ಬಿಟ್ಟು ಮಂಗಳವಾರ ಶುರುವಾಗೋ ಹಾಗೆ. ತಿಂಗಳಿಗೆ ಒಂದು ಸಲವಾದ್ರೂ ನೈಟ್ ಆದಮೇಲೆ 48 ಗಂಟೆ.

ನೈಟ್ ಆಫ್
ಆ ಸೋಮವಾರಕ್ಕೆ ಇನ್ನೊಬ್ಬ ಬೇಕು, ಮತ್ತೆ ಜನರ ಸಂಖ್ಯೆಗೇ ಬಂತು. ಇಲ್ಲಿ ನಾವು ಒಪ್ಪಲ್ಲ, ಇರಲಿ. ಯಾವ ಚಾರ್ಟ್ ಆದರೂ ಒಂದು ತಿಂಗಳ ಮುಂಚೆ ಹಾಕಬೇಕು, ಬದಲಾಯಿಸಿದ್ರೆ 48 ಗಂಟೆ ಮುಂಚೆ ತಿಳಿಸಬೇಕು, ತಿಳಿಸದೆ ಬದಲಾಯಿಸಿದ ಶಿಫ್ಟಿಗೆ ಇಷ್ಟು ಅಂತ ಹಣ ಬರೆಸಿ. ದಂಡ ಇಲ್ಲದ ನಿಯಮವನ್ನು ಟೈಮ್ ಆಫೀಸಿನಲ್ಲಿ ಯಾರೂ ಓದಲ್ಲ.

ಹಬ್ಬದ ರಜೆ
ಹತ್ತು ರಜೆ ಅಂದ್ರಲ್ಲ, ರಿಲೀವರನ ವಾರದ ರಜೆ ನವೆಂಬರ್ 1ಕ್ಕೆ ಬಿದ್ರೆ?

ಕಾರ್ಮಿಕ ವಕೀಲ
1963ರ ಕರ್ನಾಟಕದ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಇನ್ನೈದು. ಆ ದಿನ ಕೆಲಸ ಮಾಡಿದರೆ ಎರಡು ಪಟ್ಟು ಸಂಬಳ, ಇಲ್ಲವೇ ಸಂಬಳದ ಜೊತೆ ಬೇರೊಂದು ದಿನ ಸಂಬಳ ಸಹಿತ ರಜೆ. ವಾರದ ರಜೆಯ ಮೇಲೆ ಬಿದ್ದಾಗ ಏನು ಅನ್ನೋದನ್ನು ಒಪ್ಪಂದದಲ್ಲೇ ಬಗೆಹರಿಸಿ. ರಿಲೀವರನ ರಜೆ ವಾರವಾರ ಓಡಾಡೋ ಕಡೆ "ಒಂದರ ಮೇಲೊಂದು ಬಿದ್ದರೆ ಒಂದು ಸಿ-ಆಫ್ (ಬದಲಿಗೆ ಕೊಡೋ ರಜೆ)" ಅನ್ನೋ ಸಾಲು ಬೇಕೇ ಬೇಕು. ವಾರದ ರಜೆ ದಿನವೇ ಕರೆಸಿಕೊಂಡಿದ್ದಕ್ಕೆ ಸಿ-ಆಫ್ ಆ ತಿಂಗಳು ಅಥವಾ ಮುಂದಿನ ಎರಡು ತಿಂಗಳೊಳಗೆ ಕೊಡಬೇಕು, ಫ್ಯಾಕ್ಟರೀಸ್ ಕಾಯ್ದೆಯ 53ನೇ ಸೆಕ್ಷನ್.

ಶಿಫ್ಟ್ ಇನ್‌ಚಾರ್ಜ್
ರಿಲೀವರ್ ಬರದ ದಿನ ಏನು ಮಾಡಬೇಕು ಅಂತ ಕ್ರಮವಾಗಿ ಹೇಳ್ತೀನಿ, ದುಡ್ಡು ಕಳೆದುಹೋಗೋದು ಇಲ್ಲೇ.

ಶಿಫ್ಟ್ ಮುಗಿದು ಹದಿನೈದು ನಿಮಿಷದೊಳಗೆ ಇನ್‌ಚಾರ್ಜಿಗೆ ಹೇಳಿ, ಹೇಳಿದ ಸಮಯ ಮತ್ತು ಅವರು ಕೊಟ್ಟ ಉತ್ತರ ಲಾಗ್‌ಬುಕ್ಕಿನಲ್ಲಿ ಬರೀರಿ. ಜಾಗ ಬಿಟ್ಟು ಹೋಗಬೇಡಿ, ಸ್ಟ್ಯಾಂಡಿಂಗ್ ಆರ್ಡರ್ ಪ್ರಕಾರ ದುರ್ನಡತೆ ಅಂತ ಚಾರ್ಜ್‌ಶೀಟ್ ಆಗುತ್ತೆ. ಪೂರ್ತಿ 16 ಗಂಟೆ ನಿಲ್ಲೋ ಬದಲು ನಾಲ್ಕು-ನಾಲ್ಕು ಹಂಚಿಕೊಳ್ಳಿ. ಫಸ್ಟ್ ಶಿಫ್ಟಿನವನು ಸಂಜೆ ಆರರವರೆಗೆ ಇರ್ತಾನೆ, ನೈಟ್‌ನವನು ಆರಕ್ಕೇ ಬರ್ತಾನೆ, ಇಬ್ಬರಿಗೂ 12 ಗಂಟೆ ಆಗುತ್ತೆ. ಓಟಿ ಸ್ಲಿಪ್ಪಿಗೆ ಆವತ್ತೇ ಸಹಿ ಹಾಕಿಸಿ. ಮಾರನೇ ದಿನ ಇನ್‌ಚಾರ್ಜ್ ಬೇರೆ ಶಿಫ್ಟಿನಲ್ಲಿರ್ತಾರೆ, ಪಂಚ್ ಮಷಿನ್ "ಔಟ್" ತೋರಿಸಿದರೂ ಅನುಮತಿ ಇಲ್ಲದ ಓಟಿ ಅಂತ ಪೇರೋಲ್‌ನವರು ಕಿತ್ತುಹಾಕ್ತಾರೆ.

ಕಾರ್ಮಿಕ ವಕೀಲ
ಇದಕ್ಕೆ ಕಾನೂನಿನ ಜಾಗವೂ ಇದೆ. 64(4)ರಲ್ಲಿ ದಿನಕ್ಕೆ 10 ಗಂಟೆ, ಬಿಡುವು ಸೇರಿ ಹರವು 12 ಗಂಟೆ ಅಂತ ಹೇಳಿ, ನಿರಂತರ ಓಡಲೇಬೇಕಾದ ಕೆಲಸದಲ್ಲಿ ಮುಂದಿನವನು ಬರದಿದ್ದಾಗ ಮುಂದಿನ ಶಿಫ್ಟ್ ಪೂರ್ತಿಯೋ ಭಾಗವೋ ಮಾಡೋಕೆ ರಾಜ್ಯ ಸರ್ಕಾರ ನಿಯಮ ಮಾಡಬಹುದು ಅಂತ ವಿನಾಯಿತಿ ಕೊಟ್ಟಿದೆ. ಅದು ಆಕಸ್ಮಿಕಕ್ಕೆ. @ಲಾಗ್‌ಬುಕ್ ಲೆಕ್ಕ ಹಾಕಿ ತೋರಿಸಿದ 122 ಶಿಫ್ಟ್ ಆಕಸ್ಮಿಕ ಅಲ್ಲ, ಮೊದಲೇ ಗೊತ್ತಿರೋ ಕೊರತೆ.

ಮತ್ತೆ 2025ರ ನವೆಂಬರ್ 21ರಿಂದ ನಾಲ್ಕೂ ಕಾರ್ಮಿಕ ಸಂಹಿತೆ ಜಾರಿಗೆ ಬಂದಿವೆ, ಹಾಗಾಗಿ ಇಲ್ಲಿ ಎಲ್ಲರೂ ಹೇಳ್ತಿರೋ ಸೆಕ್ಷನ್ ನಂಬರುಗಳು ಹಳೇ ಕಾಯ್ದೆಯವು. ಹಳೇ ಬಾಕಿಗೆ ಅವು ಬೇಕು, ಹೊಸ ಕರಡಿಗೆ ಸಂಹಿತೆ ನೋಡಿ. ಡಬಲ್ ಓಟಿ ಹಾಗೇ ಇದೆ. ದಿನದ ಮಿತಿ 8 ಗಂಟೆ. ಓಟಿಗೆ ಕಾರ್ಮಿಕನ ಒಪ್ಪಿಗೆ ಬೇಕು, ಇದು ಹೊಸದು. ಸಂಬಳ ಸಹಿತ ರಜೆಗೆ 240ರ ಬದಲು 180 ದಿನ ಕೆಲಸ ಮಾಡಿದ್ರೆ ಸಾಕು, ಬದಲಿಯವರಿಗೆ ಇದು ದೊಡ್ಡ ಅನುಕೂಲ. ಸಂಬಳದ ಬಾಕಿ ಕೇಳೋಕೆ ಮೂರು ವರ್ಷ ಕಾಲಾವಕಾಶ.

ಟೈಮ್ ಆಫೀಸ್
ಒಂದು ಎಚ್ಚರಿಕೆ ಸೇರಿಸ್ತೀನಿ. ಸಂಹಿತೆಯ "ವೇತನ"ದಲ್ಲಿ ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ ಇಲ್ಲ. ಆ ಥರ ಬಿಟ್ಟಿದ್ದೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದ್ರೆ ದಾಟಿದಷ್ಟನ್ನು ವಾಪಸ್ ವೇತನಕ್ಕೆ ಸೇರಿಸಬೇಕು. ನನ್ನ 20,800ರಲ್ಲಿ ಎಚ್‌ಆರ್‌ಎ ಇದ್ರೆ ಓಟಿ ರೇಟು ಬೇರೆ ಬರುತ್ತೆ. ಯಾವ ಯಾವ ಬಾಬ್ತು ಸೇರಿಸಿ ಓಟಿ ಅಂತ ಹೆಸರು ಹಿಡಿದು ಬರೆಸಿ.

ಬಳ್ಳಾರಿ ಬಿಸಿಲು
ಮ್ಯಾಲಿನ ಗ್ರೇಡಿನ ಜಾಗದ ಮಾತು ಉಳೀತಲ್ರೀ. ಗ್ರೇಡ್ 3ರ ರಿಲೀವರ್ ಗ್ರೇಡ್ 5ರ ಕುರ್ಚಿ ಮ್ಯಾಲೆ ಕುಂತ್ರ ಏನ್ ಸಿಗ್ತದ?

ಟೈಮ್ ಆಫೀಸ್
ಕಾನೂನಿನಲ್ಲಿ ಏನೂ ಇಲ್ಲ, ಒಪ್ಪಂದದಲ್ಲಿದ್ದರೆ ಉಂಟು. ಎರಡು ರೀತಿ ಇದೆ. ಕೂತ ದಿನದ ಮಟ್ಟಿಗೆ ಎರಡು ಗ್ರೇಡಿನ ವ್ಯತ್ಯಾಸ, ಅಥವಾ ತಿಂಗಳಿಗೆ ನಿಗದಿತ ರಿಲೀವರ್ ಭತ್ಯೆ. ಮೊದಲನೆಯದರಲ್ಲಿ "ಕನಿಷ್ಠ ನಾಲ್ಕು ಗಂಟೆ ಕೂತಿರಬೇಕು" ಅಂತ ಷರತ್ತು ಹಾಕಿಸಬೇಡಿ, ಮೂರೂಮುಕ್ಕಾಲು ಗಂಟೆಗೆ ಎಬ್ಬಿಸಿ ಬೇರೆ ಕಡೆ ಕಳಿಸ್ತಾರೆ. ನನ್ನ ಅಭಿಪ್ರಾಯ ನಿಗದಿತ ಭತ್ಯೆ ಮೇಲು. ಆ ವರ್ಗದ ಎಲ್ಲರಿಗೂ ಒಂದೇ ಥರ ಕೊಡೋ ಭತ್ಯೆ ಪಿಎಫ್‌ಗೆ ಸೇರಬೇಕು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಪಿಎಫ್ಫೂ ಬೆಳೆಯುತ್ತೆ.

ಶಿಫ್ಟ್ ಇನ್‌ಚಾರ್ಜ್
ಒಪ್ಪಲ್ಲ. ನಿಗದಿತ ಭತ್ಯೆ ಕೊಟ್ಟ ಮೇಲೆ ತಿಂಗಳಿಡೀ ಮೇಲಿನ ಗ್ರೇಡಿನ ಕುರ್ಚಿಯಲ್ಲೇ ಕೂರಿಸ್ತಾರೆ, ಬಡ್ತಿ ಕೊಡೋ ಮಾತೇ ಎತ್ತಲ್ಲ. ದಿನದ ಲೆಕ್ಕ ಇದ್ರೆ ವರ್ಷಕ್ಕೆ 150 ದಿನ ಗ್ರೇಡ್ 5ರಲ್ಲಿ ದುಡಿದ ಅಂತ ದಾಖಲೆ ಕೈಯಲ್ಲಿರುತ್ತೆ, ಬಡ್ತಿಗೆ ಅದೇ ಆಧಾರ.

ಪಂಚ್ ಕಾರ್ಡ್
ಬದಲಿಯವರ 240 ದಿನ ಯಾರೂ ಮುಟ್ಟಲಿಲ್ಲ. 230 ಆಗ್ತಿದ್ದ ಹಾಗೆ ಗೇಟಿನಲ್ಲಿ ನಿಲ್ಲಿಸೋದು ಎಲ್ಲಾ ಕಡೆ ಇದೆ.

ಕಾರ್ಮಿಕ ವಕೀಲ
ಕೈಗಾರಿಕಾ ವಿವಾದಗಳ ಕಾಯ್ದೆಯ 25ಬಿ ಪ್ರಕಾರ ಕೆಲಸ ತಪ್ಪಿದ ದಿನದಿಂದ ಹಿಂದಕ್ಕೆ ಹನ್ನೆರಡು ತಿಂಗಳು ಎಣಿಸಬೇಕು, ಜನವರಿಯಿಂದ ಡಿಸೆಂಬರ್ ಅಲ್ಲ. ಅದರಲ್ಲಿ 240 ದಿನ ದುಡಿದಿದ್ರೆ ಒಂದು ವರ್ಷದ ನಿರಂತರ ಸೇವೆ, ಗಣಿಯ ಒಳಗೆ ಇಳಿಯೋರಿಗೆ 190. ಸಂಬಳ ಕೊಟ್ಟ ಭಾನುವಾರ, ರಜೆಗಳೂ ಸೇರುತ್ತವೆ ಅಂತ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ಪ್ರಕರಣದಲ್ಲಿ 1985ರಲ್ಲೇ ತೀರ್ಪಾಗಿದೆ. ದಿನಗೂಲಿ ಬದಲಿಗೆ ವಾರದ ರಜೆಯ ಸಂಬಳ ಕೊಡದಿದ್ರೆ ಅದು ಸೇರಲ್ಲ, ಆದ್ದರಿಂದ ಒಪ್ಪಂದದಲ್ಲಿ "ಆರು ದಿನ ಸತತ ಕೆಲಸ ಕೊಟ್ಟರೆ ಏಳನೇ ದಿನ ಸಂಬಳ ಸಹಿತ ರಜೆ" ಬರೆಸಿದ್ರೆ ಎಣಿಕೆಯೇ ಬದಲಾಗುತ್ತೆ.

ಸಾಬೀತು ಮಾಡೋ ಹೊಣೆ ಕಾರ್ಮಿಕನದು. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಹಡಿಮನಿ ಪ್ರಕರಣ (2002): ಬರೀ ತನ್ನ ಅಫಿಡವಿಟ್ ಸಾಲದು. ನಂತರದ ಯಲ್ಲಟ್ಟಿ ಪ್ರಕರಣ (2006), ಅದೂ ಇಲ್ಲಿಯದೇ: ಮಸ್ಟರ್ ರೋಲ್ ತರಿಸಿ ಅಂತ ಕಾರ್ಮಿಕ ಕೇಳಬಹುದು. ಹಾಗಾಗಿ ಕೋರ್ಟಿಗೆ ಹೋದವರು ದಾಖಲೆ ತರಿಸೋ ಅರ್ಜಿಯನ್ನು ಮೊದಲೇ ಹಾಕಬೇಕು. ಬದಲಿಯಾಗಿಯೇ ವರ್ಷಗಟ್ಟಲೆ ಇಟ್ಟು ಕಾಯಂ ಸವಲತ್ತು ತಪ್ಪಿಸೋದು ಅದೇ ಕಾಯ್ದೆಯ ಐದನೇ ಅನುಸೂಚಿಯ 10ನೇ ಬಾಬ್ತು, ಅನುಚಿತ ಕಾರ್ಮಿಕ ಪದ್ಧತಿ.

ಪಿಎಫ್ ಪಾಸ್‌ಬುಕ್
ಬದಲಿಯವರು ಇಟ್ಟುಕೊಳ್ಳಬೇಕಾದ್ದು: ಸಂಬಳದ ಚೀಟಿ, ಯುಎಎನ್ (ಪಿಎಫ್ ನಂಬರ್) ಪಾಸ್‌ಬುಕ್ ಪ್ರಿಂಟ್, ಇಎಸ್‌ಐ ಪೋರ್ಟಲಿನ ವಂತಿಗೆ ವಿವರ. ಇಎಸ್‌ಐ ವಿವರದಲ್ಲಿ ತಿಂಗಳಿಗೆ ಎಷ್ಟು ದಿನಕ್ಕೆ ಸಂಬಳ ಅಂತ ಕಂಪನಿಯೇ ತುಂಬಿರುತ್ತೆ, ಅದಕ್ಕಿಂತ ಒಳ್ಳೆ ಸಾಕ್ಷಿ ಸಿಗಲ್ಲ. ಪಿಎಫ್ ಮೊದಲ ದಿನದಿಂದಲೇ, ಬದಲಿ ಅಂತ ವಿನಾಯಿತಿ ಇಲ್ಲ. ಇಎಸ್‌ಐ ಕಾಯಿಲೆ ಭತ್ಯೆಗೆ ಏಪ್ರಿಲ್-ಸೆಪ್ಟೆಂಬರ್ ಅಥವಾ ಅಕ್ಟೋಬರ್-ಮಾರ್ಚ್ ಅವಧಿಯಲ್ಲಿ 78 ದಿನ ವಂತಿಗೆ ಬೇಕು. ಬೋನಸ್ಸಿಗೆ ವರ್ಷಕ್ಕೆ 30 ದಿನ ಸಾಕು, ಇದನ್ನು ಎಷ್ಟೋ ಬದಲಿಯವರು ಕೇಳೋದೇ ಇಲ್ಲ.

ಗೇಟ್ ನಂಬರ್ ಎರಡು
ಕಾಂಟ್ರಾಕ್ಟ್‌ನವರನ್ನೇ ರಿಲೀಫ್‌ಗೆ ಹಾಕಿದ್ರೆ ಈ ಒಪ್ಪಂದ ಅವರಿಗೂ ಅನ್ವಯಿಸುತ್ತಾ?

ಕಾರ್ಮಿಕ ವಕೀಲ
ನೇರವಾಗಿ ಇಲ್ಲ, ಅವರ ಮಾಲೀಕ ಗುತ್ತಿಗೆದಾರ. ಆದರೆ ಅದೇ ಕೆಲಸಕ್ಕೆ ಅದೇ ವೇತನ ಅನ್ನೋದು ಹಳೇ ನಿಯಮದಲ್ಲಿ ಗುತ್ತಿಗೆ ಲೈಸೆನ್ಸಿನ ಷರತ್ತಾಗಿತ್ತು. ಕಾಯಂ ಆಪರೇಟರನ ಕುರ್ಚಿಯಲ್ಲಿ ಕೂರಿಸಿದ ದಿನಗಳ ಲಾಗ್ ಶೀಟ್ ಜೋಪಾನ.

ಇನ್ನು ಒಪ್ಪಂದದ ರೂಪ. ಹಳೇ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ, ಮ್ಯಾನೇಜ್‌ಮೆಂಟ್ ಮತ್ತು ಸಂಘ ಇಬ್ಬರೇ ಕೂತು ಸಹಿ ಹಾಕಿದ 18(1) ಒಪ್ಪಂದ ಸಹಿ ಹಾಕಿದ ಸಂಘದವರಿಗೆ ಮಾತ್ರ. ಸಂಧಾನಾಧಿಕಾರಿ ಮುಂದೆ ಆದ 12(3) ಒಪ್ಪಂದ ಆ ಸಂಸ್ಥೆಯ ಎಲ್ಲ ಕಾರ್ಮಿಕರಿಗೂ, ಮುಂದೆ ಸೇರೋರಿಗೂ ಅನ್ವಯ. ಸಂಘದ ಸದಸ್ಯತ್ವವೇ ಇಲ್ಲದ ಬದಲಿಯವರಿಗೆ ಇದೊಂದೇ ರಕ್ಷಣೆ. ಸಂಹಿತೆಯಲ್ಲೂ ಸಂಧಾನಾಧಿಕಾರಿ ಮುಂದೆಯೇ ಮಾಡಿಸಿ.

ಎಚ್‌ಆರ್ ಕಡೆಯವರು
"ಈಗಿನ ಪದ್ಧತಿ ಮುಂದುವರಿಯುತ್ತದೆ" ಅನ್ನೋ ಸಾಲನ್ನು ಪೂರ್ತಿ ತೆಗೆಸಬೇಡಿ ಅಂತಲೂ ಹೇಳ್ತೀನಿ. ರೂಢಿಯ ಸವಲತ್ತು ಬದಲಾಯಿಸೋಕೆ ಅದೇ ಹಳೇ ಕಾಯ್ದೆಯ 9ಎ ಪ್ರಕಾರ 21 ದಿನದ ನೋಟಿಸ್ ಬೇಕಿತ್ತು. ಒಪ್ಪಂದದಲ್ಲೇ ಬಿಟ್ಟುಕೊಟ್ರೆ ಆ ನೋಟಿಸೂ ಬೇಡ. ಹೊಸ ಕ್ಲಾಸ್ ಸೇರಿಸಿ, "ಇದರಲ್ಲಿ ಹೇಳದ ವಿಷಯಗಳಲ್ಲಿ ಈಗಿನ ಪದ್ಧತಿ" ಅಂತ ಉಳಿಸಿಕೊಳ್ಳಿ.

ಮೂರನೇ ಪಾಳಿ
ಇದು ಹೊಳೆದಿರಲಿಲ್ಲ, ಧನ್ಯವಾದ ಸರ್. ಒಂದು ಕ್ಲಾಸ್ ಬರೆದಿದ್ದೀನಿ, ನೋಡಿ: "ರಿಲೀವರ್ ಹಾಜರಾಗದ ಕಾರಣ ಮುಂದುವರಿದ ಕಾರ್ಮಿಕನಿಗೆ 8 ಗಂಟೆ ಮೀರಿದ ಪ್ರತಿ 15 ನಿಮಿಷಕ್ಕೆ ವೇತನದ ಎರಡು ಪಟ್ಟು, ಒಂದು ಊಟ ಅಥವಾ ತಿಂಡಿ ಮತ್ತು ಮನೆಗೆ ವಾಹನ. ಕೆಲಸ ಬಿಟ್ಟ ಹೊತ್ತಿನಿಂದ 12 ಗಂಟೆ ಬಿಡುವು."

ಬಾಯ್ಲರ್ ಹೌಸ್
ಬಿಡುವಿನ ಸಾಲು ಅರ್ಧಕ್ಕೆ ನಿಂತಿದೆ. ಸೆಕೆಂಡ್ ಶಿಫ್ಟಿನಿಂದ ಮುಂದುವರಿದು ಬೆಳಿಗ್ಗೆ ಆರಕ್ಕೆ ಬಿಟ್ಟವನು 12 ಗಂಟೆ ಬಿಡುವು ತಗೊಂಡ್ರೆ ಸಂಜೆ ಆರಾಗುತ್ತೆ, ಆವತ್ತಿನ ಎರಡು ಗಂಟೆಯ ಶಿಫ್ಟ್ ತಪ್ಪುತ್ತೆ. "ಈ ಬಿಡುವಿನಿಂದ ತಪ್ಪಿದ ಗಂಟೆಗಳನ್ನು ಹಾಜರಿ ಎಂದೇ ಪರಿಗಣಿಸಿ ಪೂರ್ಣ ವೇತನ" ಸೇರಿಸಿ. ಇಲ್ಲಾಂದ್ರೆ ಡಬಲ್ ದುಡಿದು ಅರ್ಧ ದಿನದ ಸಂಬಳ ಕಳ್ಕೊಳ್ತಾನೆ.

ಶಿಫ್ಟ್ ಇನ್‌ಚಾರ್ಜ್
ವಾಹನದ ಮುಂದೆ "ರಾತ್ರಿ 8ರಿಂದ ಬೆಳಿಗ್ಗೆ 6ರೊಳಗೆ ಬಿಟ್ಟರೆ" ಅಂತ ಹಾಕಿ, ಒಪ್ಪಿಸೋದು ಸುಲಭ. ಸಂಜೆ ಆರಕ್ಕೆ ಬಿಟ್ಟವನಿಗೆ ಜನರಲ್ ಶಿಫ್ಟಿನ ಬಸ್ಸಿನಲ್ಲೇ ಸೀಟು ಕೊಡಿ ಅಂತ ಇನ್ನೊಂದು ಸಾಲು.

ಬಳ್ಳಾರಿ ಬಿಸಿಲು
ಊಟ "ಅಥವಾ" ತಿಂಡಿ ಬ್ಯಾಡ್ರಿ. ನಾಕು ತಾಸಿಗೆ ತಿಂಡಿ, ಎಂಟು ತಾಸಿಗೆ ಊಟ ಅಂತ ಬಿಡಿಸಿ ಬರೀರಿ.